ಸಮುದ್ರದ ಗಂಧಕ ಸೀಳುವ ಕಿಣ್ವಗಳಿಗೂ ನಮ್ಮ ಮುಂಗಾರಿಗೂ ನಂಟಿದೆಯೇ?

ಸಾಧನಕೇರಿಯವ: ಧಾರವಾಡದ ಮೇಲೆ ಹಾಯುವ ಮುಂಗಾರಿನ ಮೋಡಗಳನ್ನು ನೋಡುವಾಗ ನಾವು ಅರಬ್ಬಿ ಸಮುದ್ರವನ್ನು ನೆನೆಯುತ್ತೇವೆಯೇ ಹೊರತು ಅದರ ಸೂಕ್ಷ್ಮಜೀವಿಗಳನ್ನಲ್ಲ. ಅನೇಕ ಸಾಗರ ಪಾಚಿಗಳು ಉಪ್ಪುನೀರಿನ ಒತ್ತಡವನ್ನು ತಾಳಿಕೊಳ್ಳಲು ಡಿಎಂಎಸ್‌ಪಿ ಎಂಬ ಗಂಧಕದ ಸಂಯುಕ್ತವನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಪಾಚಿ ಸತ್ತಾಗ ಅಥವಾ ಅದನ್ನು ಯಾವುದಾದರೂ ಜೀವಿ ಮೇಯ್ದಾಗ ನೀರಿಗೆ ಸೇರುವ ಈ ಸಂಯುಕ್ತವನ್ನು ಬ್ಯಾಕ್ಟೀರಿಯಾಗಳ ಲಯೇಸ್ ಕಿಣ್ವಗಳು ಸೀಳಿ ಡಿಎಂಎಸ್ ಅನಿಲವನ್ನು ಬಿಡಿಸುತ್ತವೆ. ಗಾಳಿಯಲ್ಲಿ ಅದು ಗಂಧಕಾಮ್ಲವಾಗಿ ಮಾರ್ಪಟ್ಟು ಮೋಡದ ಹನಿಗಳಿಗೆ ಬೀಜವಾಗುತ್ತದೆ. ಬ್ರಿಟಿಷ್ ವಿಜ್ಞಾನಿ ಲವ್‌ಲಾಕ್ ಮತ್ತು ಮೂವರು ಸಂಗಡಿಗರು 1987ರಲ್ಲಿಯೇ ಪಾಚಿ, ಮೋಡ, ಹವಾಮಾನಗಳನ್ನು ಹೀಗೆ ಜೋಡಿಸಿದ್ದರು. ಎಲೆಕೋಸು ಬೇಯುವಾಗ ಮೂಗಿಗೆ ಬಡಿಯುವುದೂ ಇದೇ ಅನಿಲ. ನಮ್ಮ ಹತ್ತಿ, ಮೆಣಸಿನಕಾಯಿಗಳು ಈ ಕಿಣ್ವಗಳಿಗೆ ಋಣಿಯಾಗಿವೆ ಎಂಬುದು ನನ್ನ ವಾದ.

ಗದಗಿನ ಮಾಸ್ತರ: ತಮ್ಮ ವಾದವನ್ನು ಕೆಡವಲು ಎಲೆಕೋಸೊಂದೇ ಸಾಕು. ಅದರಲ್ಲಿ ಅನಿಲ ಹುಟ್ಟುವುದು ಎಸ್-ಮೀಥೈಲ್ ಮೆಥಿಯೋನಿನ್ ಎಂಬ ಬೇರೆಯೇ ವಸ್ತು ಬಿಸಿಗೆ ಒಡೆಯುವುದರಿಂದ. ಅಲ್ಲಿ ಕಿಣ್ವದ ಪಾತ್ರವಿಲ್ಲ. ಒಲೆಯ ಕೆಲಸವನ್ನು ಕಿಣ್ವದ ಲೆಕ್ಕಕ್ಕೆ ಬರೆದವರು ಮೋಡದ ಲೆಕ್ಕವನ್ನು ಸರಿಯಾಗಿ ಬರೆದಿದ್ದಾರೆಂದು ಹೇಗೆ ನಂಬುವುದು?

ಸಾಧನಕೇರಿಯವ: ಮಾಸ್ತರರೇ, ಅನಿಲ ಒಂದೇ ಎಂದೆನೇ ಹೊರತು ಕಿಣ್ವ ಒಂದೇ ಎನ್ನಲಿಲ್ಲ. ದಯವಿಟ್ಟು ವಾಕ್ಯವನ್ನು ಮತ್ತೊಮ್ಮೆ ಓದಬೇಕು.

ಹಾವೇರಿಯ ಅಕ್ಕಾವರು: ಹೋಲಿಕೆ ಬೇಕೇ ಆದರೆ ಉಳ್ಳಾಗಡ್ಡಿಯನ್ನು ತೆಗೆದುಕೊಳ್ಳಬಹುದಿತ್ತು. ಇಡೀ ಗಡ್ಡೆಯಲ್ಲಿ ಗಂಧಕದ ವಸ್ತುವೂ ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಈಳಿಗೆ ತಾಗಿದೊಡನೆ ಎರಡೂ ಕೂಡಿ ಕಣ್ಣೀರು ತರಿಸುತ್ತವೆ. ಎಮಿಲಿಯಾನಿಯಾ ಹಕ್ಸ್‌ಲೆಯಿ ಎಂಬ ಪಾಚಿಯನ್ನು ಮೇಯುವ ಜೀವಿ ಜಗಿದಾಗಲೂ ಹೀಗೆಯೇ ಡಿಎಂಎಸ್ ಹೊರಬೀಳುತ್ತದೆ. ಅದರ ಆಲ್ಮಾ-1 ಕಿಣ್ವವನ್ನು 2015ರಲ್ಲಿ ಗುರುತಿಸಲಾಯಿತು.

ಗದಗಿನ ಮಾಸ್ತರ: "ಒಡೆಯುವ ಕಿಣ್ವ" ಎಂದು ಅಕ್ಕಾವರು ಏಕವಚನದಲ್ಲಿ ಬರೆದಿದ್ದಾರೆ. ಉಳ್ಳಾಗಡ್ಡಿಯ ಕಣ್ಣೀರಿಗೆ ಎರಡು ಕಿಣ್ವಗಳು ಬೇಕು. ಎರಡನೆಯದನ್ನು ಜಪಾನಿನ ಸಂಶೋಧಕರು 2002ರಲ್ಲಿ ತೋರಿಸಿಕೊಟ್ಟರು. ಅದಿರಲಿ, ಪಾಚಿಯೇ ತನ್ನದನ್ನು ತಾನು ಸೀಳಿಕೊಳ್ಳುತ್ತದೆಂದು ಈಗ ಒಪ್ಪಿದಂತಾಯಿತು. ಹಾಗಿದ್ದರೆ ಬ್ಯಾಕ್ಟೀರಿಯಾಕ್ಕೆ ಇಷ್ಟೊಂದು ಹೊಗಳಿಕೆ ಯಾತಕ್ಕೆ?

ಹಾವೇರಿಯ ಅಕ್ಕಾವರು: ನಾನು ಒಪ್ಪಿದ್ದು ಒಂದು ಪಾಚಿಯ ವಿಷಯವನ್ನು. ಸಮುದ್ರವೆಲ್ಲ ಒಂದೇ ಪಾಚಿಯಲ್ಲ, ಮಾಸ್ತರರೇ. ಬ್ಯಾಕ್ಟೀರಿಯಾಗಳಲ್ಲಿ ಡಿಎಂಎಸ್‌ಪಿ ಸೀಳುವ ಕಿಣ್ವಗಳ ಪೈಕಿ ಡಿಡಿಡಿ-ಎಲ್, ಡಿಡಿಡಿ-ಕ್ಯೂ, ಡಿಡಿಡಿ-ಕೆ ಒಂದು ಮನೆತನದವಾದರೆ, ಡಿಡಿಡಿ-ಪಿ ಬೇರೆ ಮನೆತನದ್ದು; ಸಂಬಂಧವೇ ಇಲ್ಲದ ಮನೆತನಗಳು ಒಂದೇ ಕಸುಬನ್ನು ಕಲಿತಿವೆ.

ನವನಗರದ ಓದುಗ: ತರಕಾರಿ ಸಂತೆ ಮುಗಿದಿದ್ದರೆ ಮೂಲ ವಾದಕ್ಕೆ ಬರೋಣ. ಬ್ಯಾಕ್ಟೀರಿಯಾಗಳು ಡಿಎಂಎಸ್‌ಪಿಯ ಬಹುಪಾಲನ್ನು ಸೀಳುವುದೇ ಇಲ್ಲ. 2006ರಲ್ಲಿ ಪತ್ತೆಯಾದ ಡಿಎಂಡಿ-ಎ ಕಿಣ್ವವು ಅದರಿಂದ ಒಂದು ಮೀಥೈಲ್ ಗುಂಪನ್ನು (ಇಂಗಾಲ, ಜಲಜನಕಗಳ ಪುಟ್ಟ ತುಣುಕನ್ನು) ಮಾತ್ರ ಕಳಚುತ್ತದೆ. ಆ ದಾರಿಯಲ್ಲಿ ಗಂಧಕವು ಬ್ಯಾಕ್ಟೀರಿಯಾದ ಮೈಗೆ ಸೇರುತ್ತದೆ, ಡಿಎಂಎಸ್ ಹುಟ್ಟುವುದಿಲ್ಲ. ಹುಟ್ಟಿದ ಡಿಎಂಎಸ್‌ನಲ್ಲಿಯೂ ಹೆಚ್ಚಿನದನ್ನು ನೀರಿನಲ್ಲೇ ಬೇರೆ ಬ್ಯಾಕ್ಟೀರಿಯಾಗಳು ಮತ್ತು ಬಿಸಿಲು ಮುಗಿಸುತ್ತವೆ. 1987ರ ಊಹೆಯನ್ನು ಕ್ವಿನ್ ಮತ್ತು ಬೇಟ್ಸ್ ಎಂಬ ವಿಜ್ಞಾನಿಗಳು 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನೇರವಾಗಿ ಅಲ್ಲಗಳೆದರು. ಸಮುದ್ರದ ಉಪ್ಪಿನ ಕಣಗಳೂ ಮೋಡಕ್ಕೆ ಬೀಜವಾಗುತ್ತವೆ.

ಸಾಧನಕೇರಿಯವ: "ಬಹುಪಾಲು" ಎಂದಿದ್ದೀರಿ, ಪೂರ್ತಿ ಎಂದಿಲ್ಲ. ಅದೇ 2011ರಲ್ಲಿ ಪ್ರಕಟವಾದ ಮತ್ತೊಂದು ಅಂದಾಜಿನಂತೆ, ಅಳಿದುಳಿದ ಪಾಲಿನಿಂದಲೇ ವರ್ಷಕ್ಕೆ ಸುಮಾರು 2.8 ಕೋಟಿ ಟನ್ ಗಂಧಕ ಡಿಎಂಎಸ್ ರೂಪದಲ್ಲಿ ಗಾಳಿಗೆ ಸೇರುತ್ತದೆ. ಇದನ್ನು ಚಿಲ್ಲರೆ ಎನ್ನುವವರ ಥೈಲಿ ಬಹಳ ದೊಡ್ಡದಿರಬೇಕು.

ಗದಗಿನ ಮಾಸ್ತರ: ಕಿಣ್ವವಿಲ್ಲದೆಯೂ ಡಿಎಂಎಸ್‌ಪಿ ಸೀಳುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಅಳೆಯುವುದೇ ಕಾಸ್ಟಿಕ್ ಸೋಡಾ ಹಾಕಿ, ಹೊರಬಂದ ಅನಿಲವನ್ನು ಲೆಕ್ಕಹಾಕುವುದರಿಂದ. ಆದ್ದರಿಂದ ಎಲೆಕೋಸಿನ ಬಗ್ಗೆ ನಾನು ಎತ್ತಿದ ಆಕ್ಷೇಪ ಇನ್ನೂ ನಿಂತೇ ಇದೆ.

ಹಾವೇರಿಯ ಅಕ್ಕಾವರು: ಸಮುದ್ರಕ್ಕೆ ಕಾಸ್ಟಿಕ್ ಸೋಡಾ ಸುರಿಯುವವರು ಯಾರು? ಸಮುದ್ರದ ನೀರಿನ ಪಿಎಚ್ ಸುಮಾರು 8. ಅಷ್ಟು ಸೌಮ್ಯವಾದ ಕ್ಷಾರದಲ್ಲಿ ತಾನಾಗಿಯೇ ಒಡೆಯಲು ಡಿಎಂಎಸ್‌ಪಿಗೆ ವರ್ಷಗಳೇ ಹಿಡಿಯುತ್ತವೆ. ಕಿಣ್ವಗಳು ಇರುವುದು ಅದಕ್ಕಾಗಿಯೇ. ವಯಸ್ಸಿಗೆ ಗೌರವ ಕೊಟ್ಟು ಇಷ್ಟು ಹೊತ್ತು ಸುಮ್ಮನಿದ್ದೆ. ಗೆಲ್ಲಲೇಬೇಕೆಂಬ ಹಟಕ್ಕೆ ಮಾತ್ರ ಗೌರವ ಕೊಡಲಾರೆ.

ನವನಗರದ ಓದುಗ: 2.8 ಕೋಟಿ ಟನ್ ಎಂಬುದು ಇಡೀ ಭೂಗೋಳದ ಲೆಕ್ಕ, ಅರಬ್ಬಿ ಸಮುದ್ರದ್ದಲ್ಲ. ಮುಂಗಾರನ್ನು ನಡೆಸುವುದು ನೆಲ ಮತ್ತು ಕಡಲು ಕಾಯುವ ಪ್ರಮಾಣದಲ್ಲಿರುವ ಅಂತರ ಹಾಗೂ ಗಾಳಿ ಹೊತ್ತು ತರುವ ಆವಿ. ಬೀಜದ ಕಣಗಳು ಮೋಡದ ಹನಿಗಳ ಸಂಖ್ಯೆಯನ್ನೂ ಗಾತ್ರವನ್ನೂ ಬದಲಿಸಬಹುದು, ಆವಿಯನ್ನು ಹುಟ್ಟಿಸಲಾರವು. ಬ್ಯಾಡಗಿ ಮೆಣಸಿನಕಾಯಿಯ ಋಣಪತ್ರವನ್ನು ಕಿಣ್ವದ ಹೆಸರಿಗೆ ಬರೆಯುವ ಮೊದಲು ಇಷ್ಟನ್ನು ಯೋಚಿಸಬೇಕಿತ್ತು.

ಸಾಧನಕೇರಿಯವ: "ಬದಲಿಸಬಹುದು" ಎಂದು ತಾವೇ ಬರೆದಿದ್ದೀರಿ, ನನಗೆ ಅಷ್ಟು ಸಾಕು.

ಗದಗಿನ ಮಾಸ್ತರ: ಎಲೆಕೋಸಿನ ವಾಕ್ಯ ಮೇಲೆ ಇನ್ನೂ ಹಾಗೆಯೇ ಇದೆ. ಅದನ್ನು ಹಿಂತೆಗೆದುಕೊಳ್ಳುತ್ತೀರೋ ಇಲ್ಲವೋ?

ಸಾಧನಕೇರಿಯವ: ಆ ವಾಕ್ಯದ "ಅನಿಲ" ಎಂಬ ಪದಕ್ಕೆ ಬೇಕಾದರೆ ಅಡಿಗೆರೆ ಎಳೆಯುತ್ತೇನೆ. ಬೇರೆ ಒಂದಕ್ಷರವನ್ನೂ ಬದಲಿಸುವುದಿಲ್ಲ.