ರಕ್ತ ಹಾಕಿಸುವ ಮುಂಚೆ ಯಾವ ಸ್ಯಾಂಪಲ್ ತೆಗೆದಿಡಬೇಕು?

ಪ್ರಶ್ನೆ: ಮಗುವಿಗೆ 14 ತಿಂಗಳು. ಮೂರು ವಾರದ ಹಿಂದೆ ನೆಗಡಿ, ಜ್ವರ ಬಂದುಹೋಯಿತು. ಈಗ ತುಂಬ ಬಿಳಿಚಿಕೊಂಡಿದೆ, ಆದರೂ ಆಡಿಕೊಂಡಿದೆ. ಹಿಮೋಗ್ಲೋಬಿನ್ 4.8, ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪುಕಣ) 0.2%, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 78. ಬಿಳಿರಕ್ತಕಣ, ಪ್ಲೇಟ್‌ಲೆಟ್ ಸರಿಯಿವೆ. ನಾಳೆ ರಕ್ತ ಹಾಕುತ್ತಾರಂತೆ. ಹುಟ್ಟಿನಿಂದ ಬರುವ ಡೈಮಂಡ್-ಬ್ಲ್ಯಾಕ್‌ಫನ್ ಅನೀಮಿಯಾ (ಮೂಳೆಮಜ್ಜೆ ಸಾಕಷ್ಟು ಕೆಂಪುಕಣ ತಯಾರಿಸದ ಕಾಯಿಲೆ) ಇರಬಹುದು ಅಂದರು. ಖಚಿತವೇ?

ಉತ್ತರ (ಮಕ್ಕಳ ರಕ್ತರೋಗ ವೈದ್ಯೆ): ಇಷ್ಟರಿಂದ ಖಚಿತ ಹೇಳಲಾಗದು. ರೆಟಿಕ್ ಇಷ್ಟು ಕಡಿಮೆ ಇದೆ ಅಂದರೆ ಮಜ್ಜೆಯಲ್ಲಿ ಕೆಂಪುಕಣದ ತಯಾರಿ ನಿಂತಿದೆ. ಡೈಮಂಡ್-ಬ್ಲ್ಯಾಕ್‌ಫನ್ ಹೆಚ್ಚಾಗಿ ಮೊದಲ ವರ್ಷದೊಳಗೇ, ಎರಡು-ಮೂರು ತಿಂಗಳಿಗೇ ಕಾಣಿಸಿಕೊಳ್ಳುತ್ತದೆ, ಎಂಸಿವಿ ದೊಡ್ಡದಿರುತ್ತದೆ. ಒಂದರಿಂದ ಮೂರು ವರ್ಷದೊಳಗೆ, ವೈರಲ್ ಜ್ವರದ ಬೆನ್ನಿಗೆ, ಎಂಸಿವಿ ಸಹಜವಿದ್ದು ಹೀಗಾದರೆ ತಾತ್ಕಾಲಿಕ ಎರಿತ್ರೋಬ್ಲಾಸ್ಟೊಪೀನಿಯಾ (ಕೆಂಪುಕಣದ ತಯಾರಿ ಕೆಲಕಾಲ ನಿಲ್ಲುವುದು), ಅಂದರೆ ಟಿಇಸಿ, ಹೆಚ್ಚು ಸಂಭವ. ಅದು ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಕಬ್ಬಿಣದ ಕೊರತೆಯೋ ಥಲಸ್ಸೀಮಿಯಾ ಟ್ರೇಟೋ (ಎರಡೂ ಕೆಂಪುಕಣವನ್ನು ಕಿರಿದಾಗಿಸುತ್ತವೆ) ಜೊತೆಗಿದ್ದರೆ ದೊಡ್ಡ ಎಂಸಿವಿಯೂ ಸಹಜದಂತೆ ಕಾಣುತ್ತದೆ. ಹೆಬ್ಬೆರಳಲ್ಲಿ ಮೂರು ಗೆಣ್ಣು, ಸೀಳಂಗುಳ, ಹೃದಯದಲ್ಲಿ ಅಸಹಜ ಸದ್ದು, ಕುಳ್ಳು ಬೆಳವಣಿಗೆ ಇವೆಯೇ ನೋಡಿಸಿ. ಇಲ್ಲದಿದ್ದರೂ ಕಾಯಿಲೆ ಇಲ್ಲ ಎಂದರ್ಥವಲ್ಲ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಇಂಥ ಗುರುತೇ ಇರುವುದಿಲ್ಲ. ಗುಲ್ಮ ಊದಿದ್ದರೆ, ಕಣ್ಣು ಹಳದಿಯಾಗಿದ್ದರೆ ಸ್ಫೆರೊಸೈಟೋಸಿಸ್ (ಕೆಂಪುಕಣಗಳು ಗುಂಡಾಗಿ ಬೇಗ ಒಡೆಯುವ ವಂಶಪಾರಂಪರ್ಯ ಕಾಯಿಲೆ) ಮೇಲೆ ಪಾರ್ವೊವೈರಸ್ (ಕೆಂಪುಕಣದ ತಯಾರಿಯನ್ನು ಕೆಲಕಾಲ ನಿಲ್ಲಿಸುವ ವೈರಸ್) ಬಂದಿರಬಹುದು.

ರಕ್ತ ಹಾಕುವ ಮುಂಚೆಯೇ ಇಡಿಟಿಎ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟ್ಯೂಬ್) ಸ್ಯಾಂಪಲ್ ತೆಗೆಸಿ: ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಹಿಮೋಗ್ಲೋಬಿನ್ ಎಫ್ (ಭ್ರೂಣದ ಕಾಲದ ಹಿಮೋಗ್ಲೋಬಿನ್), ಕೆಂಪುಕಣದ ಎಡಿಎ (ಅಡೆನೊಸಿನ್ ಡಿಅಮಿನೇಸ್ ಎಂಬ ಕಿಣ್ವ), ಪಾರ್ವೊವೈರಸ್ ಪಿಸಿಆರ್, ಜೀನ್ ಪ್ಯಾನೆಲ್‌ಗೆ ಡಿಎನ್‌ಎ. ಡೈಮಂಡ್-ಬ್ಲ್ಯಾಕ್‌ಫನ್‌ನಲ್ಲಿ ಎಡಿಎ ಬಹುಪಾಲು ಏರಿರುತ್ತದೆ, ಟಿಇಸಿಯಲ್ಲಿ ಸಹಜ. ದಾನಿಯ ಕಣಗಳು ಬೆರೆತರೆ ಮೂರು ತಿಂಗಳು ಎಡಿಎ, ಹಿಮೋಗ್ಲೋಬಿನ್ ಎಫ್ ಲೆಕ್ಕ ಕಲಸಿಹೋಗುತ್ತದೆ. ಚೀಟಿಯಲ್ಲಿ ಬರೀ ‘ಎಡಿಎ’ ಬರೆದರೆ ಲ್ಯಾಬಿನವರು ಟಿಬಿಗೆ ಮಾಡುವ ಪರೀಕ್ಷೆ ಮಾಡಿಬಿಡುತ್ತಾರೆ. ‘ಕೆಂಪುಕಣದ’ ಎಂದು ಬರೆಸಲೇಬೇಕು.

ಹಿಮೋಗ್ಲೋಬಿನ್ 5ಕ್ಕಿಂತ ಕೆಳಗಿರುವುದರಿಂದ ಒಂದೇ ಸಲ ಸುರಿಯಬಾರದು, ಹೃದಯ ತಡೆಯದು. ಕೆಜಿಗೆ 5 ಎಂಎಲ್‌ನಂತೆ, ನಾಲ್ಕು ಗಂಟೆಯಲ್ಲಿ. ಅಪ್ಪ-ಅಮ್ಮನ ರಕ್ತ ಬೇಡ: ಮುಂದೆ ಮಜ್ಜೆ ಕಸಿ ಬೇಕಾದರೆ ತೊಡಕು.

ಪ್ರಶ್ನೆ: ಈಗಲೇ ಸ್ಟೆರಾಯ್ಡ್ ಶುರುಮಾಡೋಣ ಅನ್ನುತ್ತಿದ್ದಾರೆ. ಐರನ್ ಸಿರಪ್?

ಉತ್ತರ: ಸ್ಟೆರಾಯ್ಡ್ ಈಗ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಟಿಇಸಿ ತಾನಾಗಿ ವಾಸಿಯಾಗುವ ಹೊತ್ತಿಗೆ ಸ್ಟೆರಾಯ್ಡ್ ಕೊಟ್ಟಿದ್ದರೆ, ‘ಔಷಧಿಗೆ ಸ್ಪಂದಿಸಿತು’ ಅಂತ ಮಗುವಿಗೆ ಜೀವಮಾನದ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಪರೀಕ್ಷೆ) ಕಡಿಮೆಯಿದ್ದರೆ ಮಾತ್ರ ಐರನ್. ವಾರಕ್ಕೊಮ್ಮೆ ರೆಟಿಕ್ ನೋಡಿಸಿ. ಅದು ಏರತೊಡಗಿದಾಗ ಟಿಇಸಿಯಲ್ಲೂ ಎಂಸಿವಿ, ಹಿಮೋಗ್ಲೋಬಿನ್ ಎಫ್ ಸ್ವಲ್ಪ ದಿನ ಏರುತ್ತವೆ, ಗಾಬರಿ ಬೇಡ. ಎರಡು ತಿಂಗಳಾದರೂ ಏರದಿದ್ದರೆ ಮಜ್ಜೆ ಪರೀಕ್ಷೆ, ಜೀನ್ ಪ್ಯಾನೆಲ್ ಎರಡನ್ನೂ ತಡಮಾಡದೆ ಮಾಡಿಸಿ. ಅದಕ್ಕೆ ಮುಂಚೆಯೇ ಮಗು ಹಾಲು ಬಿಟ್ಟರೆ, ಏದುಸಿರು ಬಿಟ್ಟರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.