ಸೋಲರ್ ಫಾಲೋವರ್ ಪದೇ ಪದೇ ಇಡೀ ಇಂಡೆಕ್ಸ್ ಎಳೆಯುತ್ತಿದೆ, ಡಿಸ್ಕ್ ತುಂಬುತ್ತಿದೆ

ಬಿಳಿಜೋಳ
ಸೋಲರ್ (ಸರ್ಚ್ ಸರ್ವರ್) 8.11, ಕ್ಲೌಡ್ ಮೋಡ್ ಅಲ್ಲ. ಒಂದು ಲೀಡರ್ (ಬರೆಯುವುದು ಇದಕ್ಕೆ), ಎರಡು ಫಾಲೋವರ್ (ಲೀಡರ್‌ನಿಂದ ಇಂಡೆಕ್ಸ್ ಕಾಪಿ ಪಡೆಯುವವು), ಪೋಲ್ ಇಂಟರ್ವಲ್ (ಹೊಸದಿದೆಯೇ ಎಂದು ಲೀಡರ್‌ನ ಕೇಳುವ ಅಂತರ) 00:00:60. ಇಂಡೆಕ್ಸ್ 42 ಜಿಬಿ. ದಿನಕ್ಕೆ ಬದಲಾಗುವುದು ಹೆಚ್ಚೆಂದರೆ 300 ಎಂಬಿ.

ಫಾಲೋವರ್ 1 ಲೀಡರ್ ಪಕ್ಕದಲ್ಲೇ ಇದೆ. ಆದರೂ ದಿನಕ್ಕೆ ಮೂರ್ನಾಲ್ಕು ಸಲ 42 ಜಿಬಿಯನ್ನೂ ಮೊದಲಿಂದ ಎಳೆಯುತ್ತದೆ. ಡೇಟಾ ಫೋಲ್ಡರಿನಲ್ಲಿ ‘ಇಂಡೆಕ್ಸ್’ ಹೆಸರಿನ ಮುಂದೆ ತಾರೀಖು, ಸಮಯ ಸೇರಿದ ಉದ್ದನೆಯ ಅಂಕಿಯಿರುವ ಡೈರೆಕ್ಟರಿಗಳು ಹುಟ್ಟುತ್ತಿವೆ. 100 ಜಿಬಿ ಡಿಸ್ಕ್ ಸಾಲುತ್ತಿಲ್ಲ.

ಫಾಲೋವರ್ 2 ಬೇರೆ ಊರಲ್ಲಿದೆ, ಹಗಲು ಹೊತ್ತು ಲಿಂಕ್ ಸೆಕೆಂಡಿಗೆ 3 ಮೆಗಾಬಿಟ್. ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ, ಫೈಲ್ ಪೂರ್ತಿ ಇಳಿಯಲಿಲ್ಲ ಎಂದು ಲಾಗ್ ಹೇಳುತ್ತದೆ.

ಇನ್ನೊಂದು: ಹೊಸದಾಗಿ ಸೇರಿಸಿದ ಕೆಲವು ದಾಖಲೆಗಳು ಹುಡುಕಾಟದಲ್ಲಿ ಕಂಡು, ಕೆಲವು ನಿಮಿಷಗಳಲ್ಲಿ ಮಾಯವಾಗುತ್ತವೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಕಡಲತಡಿ
ಎರಡು ಫಾಲೋವರ್‌ಗಳದ್ದೂ ಬೇರೆ ಬೇರೆ ತೊಂದರೆ. ಮೊದಲು ಫಾಲೋವರ್ 1 ನೋಡೋಣ, ಮಾಯವಾಗುವ ದಾಖಲೆಗಳ ಉತ್ತರವೂ ಅಲ್ಲೇ ಇರುವ ಹಾಗಿದೆ. ಲೀಡರ್ ಮತ್ತು ಫಾಲೋವರ್ ಎರಡರ ಇಂಡೆಕ್ಸ್ ಡೈರೆಕ್ಟರಿಯಲ್ಲೂ ‘ಸೆಗ್ಮೆಂಟ್ಸ್_’ ಎಂದು ಶುರುವಾಗುವ ಫೈಲಿನ ಹೆಸರು ಕೊಡಿ. ಪೂರ್ತಿ ಕಾಪಿ ಶುರುವಾಗುವ ಹೊತ್ತಿಗೇ ನೋಡಿ, ಆಮೇಲೆ ನೋಡಿದರೆ ಎರಡೂ ಒಂದೇ ಆಗಿರುತ್ತವೆ.

ಬಿಳಿಜೋಳ
ಲೀಡರ್: ಸೆಗ್ಮೆಂಟ್ಸ್_1ಕೆ4. ಫಾಲೋವರ್ 1: ಸೆಗ್ಮೆಂಟ್ಸ್_1ಕೆ6. ಲಾಗಿನಲ್ಲಿ ‘ಫುಲ್‌ಕಾಪಿ=ಟ್ರೂ’ ಅಂತಿದೆ.

ಕಡಲತಡಿ
ಸಿಕ್ಕಿತು. ಆ ಬಾಲ 36ರ ಮೂಲದ ಸಂಖ್ಯೆ: 0ರಿಂದ 9, ಆಮೇಲೆ ಇಂಗ್ಲಿಷ್ ಅಕ್ಷರಗಳು, ‘ಕೆ’ ಎಂದರೆ 20. ಲೀಡರ್ ಜನರೇಶನ್ (ಪ್ರತಿ ಕಮಿಟ್‌ಗೆ, ಅಂದರೆ ಬದಲಾವಣೆ ಡಿಸ್ಕಿಗೆ ಉಳಿಸಿದಾಗಲೆಲ್ಲ, ಏರುವ ಸಂಖ್ಯೆ) 1296 + 720 + 4 = 2020. ಫಾಲೋವರ್ 2022. ಲೀಡರ್ ಕೊಟ್ಟದ್ದನ್ನು ಮಾತ್ರ ಪಡೆಯುವ ಫಾಲೋವರ್ ಅದಕ್ಕಿಂತ ಮುಂದೆ ಹೋಗಲು ಸಾಧ್ಯವೇ ಇಲ್ಲ. ಯಾರೋ ನೇರವಾಗಿ ಫಾಲೋವರ್‌ಗೆ ಬರೆಯುತ್ತಿದ್ದಾರೆ.

ಸೋಲರ್ ಪ್ರತಿ ಪೋಲ್‌ನಲ್ಲಿ ಕಮಿಟ್‌ನ ಸಮಯವನ್ನೂ ಜನರೇಶನ್ನನ್ನೂ ಹೋಲಿಸುತ್ತದೆ. ಲೀಡರ್‌ಗೆ ಹೊಂದದ ಫಾಲೋವರ್‌ನಲ್ಲಿ ಎರಡರಲ್ಲಿ ಯಾವುದಾದರೂ ಒಂದು ಲೀಡರ್‌ನಷ್ಟೇ ಅಥವಾ ಹೆಚ್ಚಿದ್ದರೆ, ಇದ್ದದ್ದನ್ನು ನಂಬದೆ ಹೊಸ ಡೈರೆಕ್ಟರಿಯಲ್ಲಿ ಪೂರ್ತಿ ಇಳಿಸಿ, ಇಂಡೆಕ್ಸ್.ಪ್ರಾಪರ್ಟೀಸ್ ಫೈಲನ್ನು ಅದರ ಕಡೆ ತಿರುಗಿಸುತ್ತದೆ. ಅಷ್ಟರಲ್ಲಿ ಲೀಡರ್ ಮುಂದೆ ಹೋಗಿದ್ದರೂ ಗತಿ ಅದೇ: ಎರಡೂ ಕಡೆ ಒಂದೇ ಹೆಸರಿನ, ಆದರೆ ಒಳಗಿನದ್ದು ಬೇರೆಯಾದ ಸೆಗ್ಮೆಂಟ್ ಫೈಲ್ (ಇಂಡೆಕ್ಸಿನ ಒಂದು ತುಂಡು) ಇದ್ದರೂ ಪೂರ್ತಿ ಕಾಪಿಯೇ. ಫಾಲೋವರ್‌ಗೆ ಬರೆದ ದಾಖಲೆ ಮುಂದಿನ ಪೋಲ್‌ನಲ್ಲಿ ಶುರುವಾಗುವ ಕಾಪಿ ಮುಗಿಯುವ ತನಕ ಕಾಣುತ್ತದೆ, ಮುಗಿದೊಡನೆ ಅಳಿಯುತ್ತದೆ. ಲೀಡರ್‌ಗೆ ಅದು ಹೋಗೇ ಇಲ್ಲ, ಹಾಗಾಗಿ ಮೂಲ ಡೇಟಾಬೇಸ್‌ನಿಂದ ಅವನ್ನು ಮತ್ತೆ ಸೇರಿಸಬೇಕು. ಇದನ್ನು ಮಾತ್ರ ಇವತ್ತೇ ಮಾಡಿ.

ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವುದು) ವಿಳಾಸಕ್ಕೇ ಅಪ್‌ಡೇಟ್ ಕಳಿಸುವ ಸ್ಕ್ರಿಪ್ಟ್ ಇದೆಯೇ ಹುಡುಕಿ. ಅಪ್‌ಡೇಟ್ ಹ್ಯಾಂಡ್ಲರ್ ಈ ಆವೃತ್ತಿಯಲ್ಲಿ ತಾನಾಗೇ ಇರುತ್ತದೆ, ಸೋಲರ್‌ಕಾನ್ಫಿಗ್‌ನಿಂದ ಸಾಲು ತೆಗೆದರೂ ಹೋಗದು. ಬ್ಯಾಲೆನ್ಸರ್‌ನಲ್ಲೇ ಆ ದಾರಿ ಮುಚ್ಚಿ.

ಮೂಡುಗಾಳಿ
ಫಾಲೋವರ್ 2ರ ಬಗ್ಗೆ. ಲೀಡರ್ ಒಂದು ಕಮಿಟ್ ಪಾಯಿಂಟನ್ನು ಡೌನ್‌ಲೋಡ್‌ಗೆಂದು ಕಾದಿಡುವುದು ‘ಕಮಿಟ್ ರಿಸರ್ವ್ ಡ್ಯುರೇಶನ್’ ಇರುವಷ್ಟು ಹೊತ್ತು, ಡೀಫಾಲ್ಟ್ 10 ಸೆಕೆಂಡ್. ಫೈಲ್ 1 ಎಂಬಿಯ ಪ್ಯಾಕೆಟ್‌ಗಳಲ್ಲಿ ಹೋಗುತ್ತದೆ, 5 ಪ್ಯಾಕೆಟ್ ಹೋದಾಗಲೊಮ್ಮೆ ಆ ಅವಧಿ ನವೀಕರಣವಾಗುತ್ತದೆ. ಅಂದರೆ 10 ಸೆಕೆಂಡಿನಲ್ಲಿ 5 ಎಂಬಿ, ಸೆಕೆಂಡಿಗೆ 4 ಮೆಗಾಬಿಟ್ ಬೇಕೇ ಬೇಕು. ನಿಮ್ಮ 3 ಮೆಗಾಬಿಟ್‌ನಲ್ಲಿ 13 ಸೆಕೆಂಡ್ ಹಿಡಿಯುತ್ತದೆ. ಆ ಸಂದಿಯಲ್ಲಿ ಲೀಡರ್‌ನಲ್ಲಿ ಹೊಸ ಕಮಿಟ್ ಬಿದ್ದರೆ ಹಳೆಯದರ ಫೈಲ್‌ಗಳು ಅಳಿಯುತ್ತವೆ, ಫಾಲೋವರ್ ಕೇಳಿದ ಫೈಲೇ ಇರುವುದಿಲ್ಲ. ಲೀಡರ್‌ನ ರೆಪ್ಲಿಕೇಶನ್ ಹ್ಯಾಂಡ್ಲರ್‌ನಲ್ಲಿ 00:01:00 ಇಡಿ. ಹಳೇ ಸೆಗ್ಮೆಂಟ್‌ಗಳು ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತವೆ, ಲೀಡರ್ ಡಿಸ್ಕಿನಲ್ಲಿ ಜಾಗ ಇರಲಿ.

ರಾತ್ರಿ ಆಪ್ಟಿಮೈಸ್ (ಸೆಗ್ಮೆಂಟ್‌ಗಳನ್ನು ಒಟ್ಟುಗೂಡಿಸಿ ಬರೆಯುವುದು) ಓಡಿಸುತ್ತಿದ್ದರೆ ನಿಲ್ಲಿಸಿ. ಮ್ಯಾಕ್ಸ್ ಸೆಗ್ಮೆಂಟ್ಸ್ 1 ಕೊಟ್ಟರಂತೂ ಇಡೀ 42 ಜಿಬಿ ಹೊಸ ಹೆಸರಿನ ಫೈಲ್ ಆಗುತ್ತದೆ. ಆ ಲಿಂಕ್‌ನಲ್ಲಿ ಅದು ಸಾಗಲು 31 ಗಂಟೆ ಬೇಕು.

ಹೆಬ್ಬಾಗಿಲು
ನಾವು ಲೂಸೀನ್ (ಸೋಲರ್ ಕೂಡ ಬಳಸುವ ಸರ್ಚ್ ಲೈಬ್ರರಿ) ಮೇಲೆ ಸ್ವಂತ ಸರ್ಚ್ ಸರ್ವರ್ ಬರೆಯುತ್ತಿದ್ದೇವೆ. ಸದ್ಯ ಓಡುತ್ತಿರುವ ಇಂಡೆಕ್ಸನ್ನೇ ಆರ್‌ಸಿಂಕ್ (ಫೈಲ್ ನಕಲಿಸುವ ಸಾಧನ) ಮಾಡುತ್ತೇವೆ, ಹಾಗೆ ಮಾಡಿದ ಕಾಪಿ ಕೆಲವೊಮ್ಮೆ ತೆರೆಯುವುದೇ ಇಲ್ಲ.

ಕಡಲತಡಿ
ಆರ್‌ಸಿಂಕ್ ಪಟ್ಟಿ ಮಾಡಿ, ಆಮೇಲೆ ಸಾಗಿಸುತ್ತದೆ. ನಡುವೆ ಮರ್ಜ್ (ಸೆಗ್ಮೆಂಟ್‌ಗಳ ಜೋಡಣೆ) ಆಗಿ ಪಟ್ಟಿಯಲ್ಲಿದ್ದ ಫೈಲ್ ಅಳಿದುಹೋಗುತ್ತದೆ. ಸೋಲರ್ 1.3ರವರೆಗಿನ ಶೆಲ್ ಸ್ಕ್ರಿಪ್ಟ್‌ಗಳು ಅದಕ್ಕೇ ಮೊದಲು ಹಾರ್ಡ್ ಲಿಂಕ್‌ಗಳ (ಅದೇ ಫೈಲಿಗೆ ಇನ್ನೊಂದು ಹೆಸರು) ಸ್ನ್ಯಾಪ್‌ಶಾಟ್ ತೆಗೆದು ಅದನ್ನು ಆರ್‌ಸಿಂಕ್ ಮಾಡುತ್ತಿದ್ದವು; 2009ರ 1.4ರಲ್ಲಿ ಆ ಕೆಲಸ ಎಚ್‌ಟಿಟಿಪಿ ಮೂಲಕ ಸರ್ವರ್ ಒಳಗೇ ಬಂತು. ಸೆಗ್ಮೆಂಟ್ ಫೈಲನ್ನು ಒಮ್ಮೆ ಬರೆದ ಮೇಲೆ ಲೂಸೀನ್ ತಿದ್ದುವುದಿಲ್ಲ, ಹಾಗಾಗಿ ಹಾರ್ಡ್ ಲಿಂಕ್ ಸಾಕಾಗುತ್ತದೆ.

ನಿಮ್ಮ ಕೋಡಿನಲ್ಲಿ ಸ್ನ್ಯಾಪ್‌ಶಾಟ್ ಡಿಲೀಶನ್ ಪಾಲಿಸಿ ಬಳಸಿ ಕಮಿಟ್ ಹಿಡಿದಿಡಿ, ಅದರ ಫೈಲ್ ಪಟ್ಟಿ ಕಳಿಸಿ, ಕಾಪಿಯ ಬಳಿ ಇಲ್ಲದ್ದನ್ನು ಮಾತ್ರ ತಾತ್ಕಾಲಿಕ ಡೈರೆಕ್ಟರಿಗೆ ಇಳಿಸಿ. ಹೆಸರು ಒಂದೇ ಇದ್ದರೆ ಸಾಲದು, ಗಾತ್ರ ಮತ್ತು ಫೈಲಿನ ಕೊನೆಯಲ್ಲಿರುವ ಚೆಕ್‌ಸಮ್ ಹೋಲಿಸಿ. ಎಲ್ಲವನ್ನೂ ಎಫ್‌ಸಿಂಕ್ (ಡಿಸ್ಕಿಗೆ ಖಚಿತವಾಗಿ ಬರೆಸುವುದು) ಮಾಡಿ ಜಾಗಕ್ಕೆ ಸರಿಸಿ, ‘ಸೆಗ್ಮೆಂಟ್ಸ್_’ ಫೈಲ್ ಕಟ್ಟಕಡೆಗೆ. ಅದು ಮೊದಲು ಬಂದು ಕರೆಂಟ್ ಹೋದರೆ, ಇಲ್ಲದ ಸೆಗ್ಮೆಂಟ್ ಹುಡುಕಿ ಇಂಡೆಕ್ಸ್ ತೆರೆಯುವುದೇ ಇಲ್ಲ. ಹಿಡಿದಿಟ್ಟ ಕಮಿಟ್‌ಗೆ ಗಡುವು ಇರಲಿ, ಸತ್ತುಹೋದ ಒಂದು ಫಾಲೋವರ್‌ನಿಂದ ಲೀಡರ್‌ನ ಡಿಸ್ಕ್ ತುಂಬಬಾರದು.

ಬಿಳಿಜೋಳ
ರಾತ್ರಿಯ ಆಮದು ಸ್ಕ್ರಿಪ್ಟ್ ಬ್ಯಾಲೆನ್ಸರ್‌ಗೇ ಹೋಗುತ್ತಿತ್ತು, ಈಗ ನೇರ ಲೀಡರ್‌ಗೆ. ಎರಡು ದಿನದಿಂದ ‘ಫುಲ್‌ಕಾಪಿ=ಫಾಲ್ಸ್’ ಮಾತ್ರ. ಫಾಲೋವರ್ 2 ಕೂಡ ಹಗಲಲ್ಲೇ ಪೂರ್ತಿ ಇಳಿಸುತ್ತಿದೆ. ಹಳೆಯ ಡೈರೆಕ್ಟರಿಗಳನ್ನು ಅಳಿಸಬಹುದೇ?

ಕಡಲತಡಿ
ಇಂಡೆಕ್ಸ್.ಪ್ರಾಪರ್ಟೀಸ್ ತೆರೆದು, ಅದರಲ್ಲಿ ಹೆಸರಿಸಿದ ಡೈರೆಕ್ಟರಿ ಬಿಟ್ಟು ಉಳಿದ ಇಂಡೆಕ್ಸ್ ಡೈರೆಕ್ಟರಿಗಳನ್ನು ಮಾತ್ರ ಅಳಿಸಿ. ಅಳಿಸುವಾಗ ಪೋಲ್ ನಿಲ್ಲಿಸಿರಿ.