ಹಳೆಯ ಏರ್ ರೈಫಲ್‌ಗೆ ಅಂಟಿಸಿರುವ ಸ್ಕೋಪ್ ಮೌಂಟ್ ಬಿಡಿಸುವುದು ಹೇಗೆ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 0.177 ಇಂಚು ಗುಂಡಿನಳತೆಯ ಸ್ಪ್ರಿಂಗ್ ಏರ್ ರೈಫಲ್ ಒಂದು ನನ್ನಲ್ಲಿದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಹಿಂದಕ್ಕೆ ಜಾರಬಾರದೆಂದು ಹಿಂದಿನವರು ಅದನ್ನು ಹಿಡಿದಿಡುವ ಮೌಂಟನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಕೂರಿಸಿ, ಸ್ಕ್ರೂಗಳಿಗೂ ಅಂಟು ಹಾಕಿದ್ದಾರೆ. ಅಲೆನ್ ಕೀ ಹಾಕಿದರೆ ಒಂದು ಸ್ಕ್ರೂವಿನ ತಲೆ ಆಗಲೇ ಸವೆಯತೊಡಗಿದೆ. ಏನು ಮಾಡಬಹುದು?

ಉತ್ತರ 1: ಮೊದಲು ತಿರುಗಿಸುವುದನ್ನು ನಿಲ್ಲಿಸಿ, ಒಳಗೆ ಪೆಲೆಟ್ (ಗುಂಡು) ಇಲ್ಲವೆಂದೂ ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು) ಕೈಬಲಕ್ಕೇ ಬಿಡುತ್ತದೆ. ಕೆಂಪು ಬಗೆಯದಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಎಪಾಕ್ಸಿಯಾದರೋ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನ ತುದಿಯನ್ನು ಒಂದೆರಡು ನಿಮಿಷ ಸ್ಕ್ರೂವಿನ ತಲೆಗೆ ಒತ್ತಿ ಹಿಡಿದು, ಬಿಸಿ ಆರುವ ಮುನ್ನವೇ ಸವೆಯದ ಹೊಸ ಕೀಯಿಂದ ತಿರುಗಿಸಿ. ಸಾಧ್ಯವಾದರೆ ಮೊದಲು ಮೇಲಿನ ಉಂಗುರಗಳನ್ನು ಬಿಚ್ಚಿ ಸ್ಕೋಪನ್ನು ತೆಗೆದಿಡಿ, ಏಕೆಂದರೆ ಮಸೂರಗಳ ಸೀಲ್‌ಗೆ ಬಿಸಿ ಒಳ್ಳೆಯದಲ್ಲ.

ಉತ್ತರ 2: ಮೇಲಿನ ಮಾತು ಸರಿ, ಆದರೆ ಗ್ಯಾಸ್ ಟಾರ್ಚ್ ಮಾತ್ರ ಬೇಡ. ಮೌಂಟಿನ ಕೆಳಗಿರುವ ಕೊಳವೆಯಲ್ಲೇ ಪಿಸ್ಟನ್, ಅದರ ಪ್ಲಾಸ್ಟಿಕ್ ಸೀಲ್ ಮತ್ತು ಗ್ರೀಸ್ ಇರುತ್ತವೆ. ಅಸಿಟೋನ್ ಬಳಸುವುದಾದರೆ ಮರದ ಹಿಡಿಯನ್ನು ಕಳಚಿಡಿ. ಅಸಿಟೋನ್ ವಾರ್ನಿಷನ್ನು ತಿನ್ನುತ್ತದೆ, ಗಟ್ಟಿಯಾದ ಎಪಾಕ್ಸಿಗೆ ಮಾತ್ರ ಹೆಚ್ಚೇನೂ ಮಾಡದು. ಸ್ಕ್ರೂ ಬಿಟ್ಟ ಮೇಲೆ ಮೌಂಟಿಗೆ ಮರದ ತುಂಡನ್ನಿಟ್ಟು ಪಕ್ಕದಿಂದ ಮೆಲ್ಲಗೆ ತಟ್ಟಿ. ಅದಕ್ಕೂ ಜಗ್ಗದಿದ್ದರೆ ಅಲ್ಯೂಮಿನಿಯಂ ಮೌಂಟನ್ನೇ ಕೊಯ್ದು ತೆಗೆಯುವುದು ಮೇಲು. ರೈಫಲ್‌ಗಿಂತ ಅದು ಎಷ್ಟೋ ಅಗ್ಗ.

ಪ್ರಶ್ನೆ ಕೇಳಿದವರು: ಮೂರು ಸ್ಕ್ರೂಗಳು ಬಿಸಿಗೆ ಬಿಟ್ಟವು. ತಲೆ ಸವೆದ ನಾಲ್ಕನೆಯದನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾಯಿತು.